ಪದಚರ್ಚೆ: ಬ್ಯಾಟರಿಯಲ್ಲಿ ‘ಕರೆಂಟ್’ ಇರುತ್ತಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೆಲವು ವಾರದಿಂದ ತಲೆ ತಿನ್ನುತ್ತಿದೆ. ಹೊಸ ಪದವೇನಲ್ಲ, ‘ಕರೆಂಟ್’.

ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಶನಿವಾರ ಎಲೆಕ್ಟ್ರಾನಿಕ್ಸ್ ಕಮ್ಮಟ ನಡೆಸುತ್ತಿದ್ದೇವೆ. ಪಾಠ ಕಮ್ಮಿ, ಕೈಕೆಲಸ ಜಾಸ್ತಿ. ಮೊದಲ ದಿನ ಒಂದು ಎಲ್‌ಇಡಿ ಹೊತ್ತಿಸುವುದು. ಮೂರನೇ ವಾರಕ್ಕೆ ಆರ್ಡುಯಿನೊ ಬೋರ್ಡಿಗೆ (ಕೋಡ್ ಹೇಳಿದಂತೆ ನಡೆಯುವ ಪುಟ್ಟ ಕಂಪ್ಯೂಟರ್ ಹಲಗೆ) ನಾಲ್ಕು ಸಾಲು ಕೋಡ್ ಬರೆದು ಅದನ್ನೇ ಮಿಣುಕಿಸುವುದು.

ಮೊದಲ ದಿನ 9 ವೋಲ್ಟ್ ಬ್ಯಾಟರಿಗೆ ರೆಸಿಸ್ಟರು, ಎಲ್‌ಇಡಿ ಜೋಡಿಸಿದ್ದಾಯಿತು, ದೀಪವೂ ಹೊತ್ತಿತು. ‘ಈಗ ಕರೆಂಟ್ ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ?’ ಎಂದು ಕೇಳಿದೆ. ಹುಡುಗಿಯೊಬ್ಬಳು ನನ್ನನ್ನೇ ತಿದ್ದಿದಳು: ‘ಮಿಸ್, ಇದು ಕರೆಂಟಿಂದಲ್ಲ, ಬ್ಯಾಟ್ರಿದು.’

ಅವಳು ಹೇಳಿದ್ದು ಸರಿಯಾದ ಕನ್ನಡವೇ ಅಲ್ವಾ? ನಮ್ಮ ಮಾತಿನಲ್ಲಿ ಕರೆಂಟ್ ಅಂದರೆ ಕಂಬದಿಂದ ಬರುವುದು. ಅದು ಬರುತ್ತೆ, ಹೋಗುತ್ತೆ, ಮುಟ್ಟಿದರೆ ಹೊಡೆಯುತ್ತೆ. ತಿಂಗಳಿಗೊಮ್ಮೆ ಅದರದೇ ಬಿಲ್ಲು. ಕರೆಂಟ್ ಇಲ್ಲದ ಹೊತ್ತಿಗೆ ಇರಲಿ ಅಂತಲೇ ಬ್ಯಾಟರಿ. ಟಾರ್ಚಿನೊಳಗೆ ಕರೆಂಟ್ ಇದೆ ಎಂದು ನಮ್ಮಲ್ಲಿ ಯಾರು ಹೇಳುತ್ತಾರೆ? ತಮಿಳು, ತೆಲುಗಿನವರಿಗೂ ಹೀಗೇ ಕರೆಂಟ್ ‘ಹೋಗುತ್ತದೆ’. ಹಿಂದಿಯವರಿಗೆ ಹೋಗುವುದು ಬಿಜ್ಲಿ, ಹೊಡೆಯುವುದು ಮಾತ್ರ ಕರೆಂಟ್.

ಇಂಗ್ಲಿಷಿನಲ್ಲಿ ಇದೇ ಪದ ಹೊಳೆಯ ಸೆಳವಿಗೂ ಇದೆ. ಅದರ ಲ್ಯಾಟಿನ್ ಬೇರಿಗೆ ‘ಓಡು’ ಎಂಬ ಅರ್ಥ. ನಮ್ಮೂರಿಗೆ ಬರುವಷ್ಟರಲ್ಲಿ ನೀರೆಲ್ಲ ಸೋರಿಹೋಗಿ ಬರೀ ತಂತಿ ಉಳಿದಿದೆ.

ಪಠ್ಯಪುಸ್ತಕದಲ್ಲಿ ‘ವಿದ್ಯುತ್ಪ್ರವಾಹ’ ಇದೆ, ಗೊತ್ತು. ಪರೀಕ್ಷೆಗೆ ಅದನ್ನೇ ಬರೆಯಬೇಕು. ಆದರೆ ಮಕ್ಕಳಿಗೆ ಪ್ರವಾಹ ಅಂದರೆ ಊರು ಮುಳುಗುವುದು. ಪೇಪರಿನಲ್ಲಿ ‘ವಿದ್ಯುತ್ ಪ್ರವಹಿಸಿ ಸಾವು’ ಎಂದು ಓದಿರುತ್ತಾರೆ. ನಮ್ಮ ಬೋರ್ಡಿನ 5 ವೋಲ್ಟ್ ಪಿನ್ನಿಗೆ 220 ಓಮ್ ರೆಸಿಸ್ಟರ್ ಹಾಕಿದರೆ ಕೆಂಪು ಎಲ್‌ಇಡಿಯಲ್ಲಿ ಸುಮಾರು 13 ಮಿಲಿಆಂಪ್ ಹೋಗುತ್ತದೆ. ಅಷ್ಟಕ್ಕೆ ಪ್ರವಾಹ ಅನ್ನಲು ನನಗೇ ನಗು ಬರುತ್ತೆ.

ತಮಾಷೆ ಅಂದರೆ ‘ವೋಲ್ಟೇಜ್’ ಹೇಳಿಕೊಡಲು ಕಷ್ಟವೇ ಆಗಲಿಲ್ಲ. ತೆಂಗಿನ ತೋಟದ ಮಕ್ಕಳು. ‘ವೋಲ್ಟೇಜ್ ಇಲ್ಲ, ಮೋಟ್ರು ಎತ್ತಲ್ಲ’ ಎಂಬುದನ್ನು ಮನೆಯಲ್ಲಿ ದಿನಾ ಕೇಳುತ್ತಾರೆ.

ಹಾಗಾಗಿ ಈಗ ಕಂಬದ್ದಕ್ಕೆ ‘ಕರೆಂಟ್’ ಬಿಟ್ಟುಕೊಟ್ಟು, ಆಂಪಿನಲ್ಲಿ ಅಳೆಯುವುದಕ್ಕೆ ‘ಹರಿವು’ ಎನ್ನುತ್ತಿದ್ದೇನೆ. ರೆಸಿಸ್ಟರು ಒಡ್ಡುವುದು ‘ತಡೆ’. ‘ತಡೆ ಜಾಸ್ತಿಯಾದ್ರೆ ಹರಿವು ಕಮ್ಮಿ’ ಎಂದರೆ ಓಮ್ ನಿಯಮದ ಅರ್ಧ ಮುಗಿಯಿತು. ಡ್ರಿಪ್ ಪೈಪು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ಆದರೆ ಡ್ರಿಪ್ ಪೈಪೇ ಕಾಲಿಗೆ ತೊಡರಿತು. ಹುಡುಗನೊಬ್ಬ ಕೇಳಿದ: ‘ಹರಿದಿದ್ದೆಲ್ಲ ಎಲ್‌ಇಡಿಯಲ್ಲಿ ಇಂಗಿಹೋಗುತ್ತಾ ಮಿಸ್?’ ಹೋಗುವುದಿಲ್ಲ. ಹೋದಷ್ಟೂ ಇನ್ನೊಂದು ತುದಿಯಿಂದ ಬ್ಯಾಟರಿಗೆ ವಾಪಸ್ ಬರಬೇಕು. ‘ಹರಿವು’ ಎಂಬ ಪದದಲ್ಲಿ ಈ ವಾಪಸ್ ಬರುವುದು ಇಲ್ಲ. ಅದನ್ನು ‘ಸರ್ಕ್ಯೂಟ್’ ಎಂಬುದಕ್ಕೆ ಇಡುವ ಕನ್ನಡ ಪದವೇ ಹೇಳಬೇಕು. ಪುಸ್ತಕದ ‘ಮಂಡಲ’ ಕೇಳಿದರೆ ನೆಲದ ಮೇಲೆ ಬರೆದ ರಂಗೋಲಿ ಕಣ್ಣಿಗೆ ಬರುತ್ತೆ. ‘ಸುತ್ತು’ ಚೆನ್ನಾಗಿದೆ: ‘ಸುತ್ತು ಪೂರ್ತಿ ಆಗದಿದ್ರೆ ಹರಿವಿಲ್ಲ.’

ತೊಂದರೆ ಏನೆಂದರೆ, ಕೋಡಿನಲ್ಲಿ ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ‘ಲೂಪ್’ಗೂ ನಾನು ‘ಸುತ್ತು’ ಎಂದೇ ಹೇಳಿಬಿಟ್ಟಿದ್ದೆ. ಒಂದೇ ಮೇಜಿನ ಮೇಲೆ ಎರಡು ಸುತ್ತು, ಒಂದು ತಂತಿಯದು, ಒಂದು ಸಾಲುಗಳದು. ಲೂಪನ್ನು ಹಾಗೇ ಬಿಡುವುದು ವಾಸಿ ಅನ್ನಿಸುತ್ತೆ. ಹೇಗೂ ಮಕ್ಕಳು ಆ ಪದವನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಇಲ್ಲದಿದ್ದರೆ ಬೋರ್ಡ್ ಕೇಳುವುದಿಲ್ಲ.

(ಅಂದಹಾಗೆ ಬಿಡಿಭಾಗ ಚುಚ್ಚಿ ಜೋಡಿಸುವ ತೂತಿನ ಹಲಗೆಯಾದ ಬ್ರೆಡ್‌ಬೋರ್ಡಿಗೆ ಮಕ್ಕಳೇ ‘ಅಳಗುಳಿಮಣೆ’ ಅಂತ ಹೆಸರಿಟ್ಟಿದ್ದಾರೆ. 14 ಗುಳಿಯ ಬದಲು 400 ತೂತು. ಹಿಂದೆ ರೇಡಿಯೊ ಮಾಡುವ ಹವ್ಯಾಸಿಗಳು ನಿಜವಾಗಿಯೂ ಬ್ರೆಡ್ ಕೊಯ್ಯುವ ಮಣೆಗೇ ಮೊಳೆ ಹೊಡೆದು ತಂತಿ ಕಟ್ಟುತ್ತಿದ್ದರು. ಹಾಗಾಗಿ ಮಣೆ ಹೇಗೂ ಸರಿಯೇ.)

ಈಗ ಕೇಳಬೇಕಾದ್ದು. ನಿಮ್ಮ ಕಡೆ ಬ್ಯಾಟರಿಯಲ್ಲಿ ಇರುವುದಕ್ಕೆ ‘ಕರೆಂಟ್’ ಅನ್ನುವವರಿದ್ದಾರಾ, ಅಥವಾ ಬೇರೆ ಮಾತಿದೆಯಾ? ‘ಚಾರ್ಜ್’ ಅಂತ ಹೇಳುವುದನ್ನು ಕೇಳಿದ್ದೇನೆ, ಆದರೆ ವಿಜ್ಞಾನದಲ್ಲಿ ಆ ಪದಕ್ಕೆ ಬೇರೆಯೇ ಅರ್ಥ, ಅದನ್ನು ಬಳಸಿದರೆ ಮುಂದಿನ ಪಾಠದಲ್ಲಿ ಸಿಕ್ಕಿಬೀಳುತ್ತೇನೆ. ‘ಹರಿವು’ಗಿಂತ ‘ಓಟ’ ವಾಸಿಯಾ? ವೈರಿಂಗ್ ಕೆಲಸದವರ ಬಾಯಲ್ಲಿ ಸರ್ಕ್ಯೂಟಿಗೆ ಏನಾದರೂ ಕನ್ನಡ ಪದ ಕೇಳಿದ್ದರೆ ಅದನ್ನೂ ತಿಳಿಸಿ. ‘ಶಾರ್ಟ್ ಆಯ್ತು’ ಎಂಬುದನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅದು ಎಲ್ಲರಿಗೂ ಗೊತ್ತು, ವಾಸನೆ ಸಮೇತ.