ಅಪ್‌ಡೇಟ್: ಅಮ್ಮನದು ಸೊಂಟದ ಉಳುಕಲ್ಲ, ಮೂಳೆ ಬಿರುಕು

ತೀರ್ಥಹಳ್ಳಿ ಹತ್ತಿರದ ನಮ್ಮನೆ ಅಂಗಳದಲ್ಲಿ ಅಮ್ಮ ಪಾಚಿ ಮೇಲೆ ಜಾರಿ ಬಿದ್ದಿದ್ದರು. ಎಕ್ಸ್‌ರೇ ನಾರ್ಮಲ್, ಆದರೂ ನೋವು ಇಳಿದಿಲ್ಲ, ಸೊಂಟ ಉಳುಕಿದೆಯಾ ಅಂತ ಹಿಂದಿನ ಪೋಸ್ಟಿನಲ್ಲಿ ಕೇಳಿದ್ದೆ, ಅಲ್ವಾ? ಉಳುಕಲ್ಲ. ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಸೊಂಟದ ಕೀಲಿಗೆ ಸೇರುವ ಮೇಲ್ತುದಿಯ ಸಪೂರ ಭಾಗದಲ್ಲಿ, ಬಿರುಕು.

ಶಿವಮೊಗ್ಗದ ಮೂಳೆ ಡಾಕ್ಟರು ಅಮ್ಮನನ್ನು ಅಂಗಾತ ಮಲಗಿಸಿ, ಕಾಲು ನೇರ ಇಟ್ಟು, ಪಾದವನ್ನು ಮೆಲ್ಲಗೆ ಒಳಕ್ಕೆ ಹೊರಕ್ಕೆ ತಿರುಗಿಸಿದರು. ಅಮ್ಮ 'ಅಯ್ಯೋ' ಅಂತ ತೊಡೆಸಂದು ಹಿಡಿದುಕೊಂಡರು. ಅಲ್ಲಿಗೆ ಡಾಕ್ಟರಿಗೆ ಅನುಮಾನ ಬಂತು. ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ವಾಲುವುದು ಮುರಿದ ಮೂಳೆ ಜರುಗಿದಾಗ. ಅಮ್ಮನದು ಜರುಗಿರಲಿಲ್ಲ, ಹಾಗಾಗಿ ಆ ಲಕ್ಷಣ ಕಾಣಲಿಲ್ಲ. ಇಂಥ ಸಣ್ಣ ಬಿರುಕು ಕೆಲವೊಮ್ಮೆ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಎಂಆರ್‌ಐಯಲ್ಲಿ ಗೆರೆ ಸ್ಪಷ್ಟವಾಗಿ ಕಂಡಿತು.

ತಡಮಾಡದೆ ಸ್ಕ್ರೂ ಹಾಕಿದರು. ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಇಷ್ಟು ಬೇಗನಾ ಅಂತ ನನಗೆ ಗಾಬರಿ. ಆದರೆ ಸುಮ್ನೆ ಮಲಗಿಯೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ, ನ್ಯುಮೋನಿಯಾ ಬರುವ ಅಪಾಯ ಜಾಸ್ತಿ.

ಎಣ್ಣೆ ಹಾಕಿ ನೀವಿಸಿ ಅಂದವರ ಕಾಳಜಿ ದೊಡ್ಡದು. ನೀವಿಸದೇ ಇದ್ದದ್ದು ಒಳ್ಳೆಯದಾಯ್ತು.

ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5ಕ್ಕಿಂತ ಕೆಳಗಿದೆ, ಅಂದರೆ ಆಸ್ಟಿಯೋಪೊರೋಸಿಸ್, ಮೂಳೆ ಟೊಳ್ಳಾಗುವ ಕಾಯಿಲೆ. ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ಮೂಳೆ ಗಟ್ಟಿಯಾಗಲು ಬೇರೆ ಔಷಧಿಯೂ ಶುರುವಾಗಿದೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದೇವೆ. ಅಮ್ಮನಿಗೆ ಕಮೋಡ್ ಕುರ್ಚಿ ಮಾತ್ರ ಇನ್ನೂ ಹಿಡಿಸಿಲ್ಲ.