ಚಿತ್ರ ಬರೆಯುವವರನ್ನು ಶಾಲೆಗೆ ಕರೆಯಬೇಕು, ಹೇಗೆ?

ಇಂಡಿ ಅಕ್ಕೋರು:
ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ಹತ್ತಿರದ ಸರ್ಕಾರಿ ಶಾಲೆ, ಒಂದರಿಂದ ಏಳರವರೆಗೆ. ನವೆಂಬರ್ 14ಕ್ಕೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಒಬ್ಬರನ್ನು ಕರೆಯೋಣ ಅಂತಿದ್ದೇವೆ. ಧಾರವಾಡದಿಂದ ಬರಬೇಕು. ಎಷ್ಟು ಮಕ್ಕಳನ್ನು ಕೂರಿಸಬೇಕು, ದುಡ್ಡಿನ ಮಾತು ಹೇಗೆ ಎತ್ತಬೇಕು, ಒಂದೂ ಗೊತ್ತಿಲ್ಲ.

ಜಮಖಂಡಿ ಮಾಸ್ತರ:
ಅಕ್ಕೋರೇ, 14 ಬಿಡಿ. ಅವತ್ತು ಭಾಷಣ, ಹಾಡು, ಓಟ ಅಂತ ಬರೀ ಗದ್ದಲ. ದುಡ್ಡಿನ ಮಾತು ಮೊದಲ ಫೋನಿನಲ್ಲೇ ಆಗಲಿ. ಹಿಂದೆ ಒಬ್ಬರನ್ನು ಕರೆದಾಗ ನಾವು ಸಂಕೋಚಪಟ್ಟು ಕೇಳಲೇ ಇಲ್ಲ, ಕೊನೆಗೆ ಶಾಲು ಹಾರ ಹಾಕಿ ಕಳಿಸಿದೆವು, ಬಸ್ ಚಾರ್ಜೂ ಕೊಡಲಿಲ್ಲ. ಇನ್ನೂ ನಾಚಿಕೆ ಆಗುತ್ತದೆ.

ಬೆಳಗಾವಿ ಕುಂಚ:
ನಾನೂ ಚಿತ್ರ ಬರೆಯುವವಳೇ. ಏಳೂ ತರಗತಿ ಒಟ್ಟಿಗೆ ಕೂರಿಸಿದರೆ ಅದು ಸಭೆ ಆಗುತ್ತದೆ. ಒಂದರಿಂದ ಮೂರರವರೆಗಿನ ನಲಿ-ಕಲಿ ಮಕ್ಕಳು ಬೇರೆ, ದೊಡ್ಡವರು ಬೇರೆ. ಒಂದು ಸಲಕ್ಕೆ 30 ಮಕ್ಕಳು, 45 ನಿಮಿಷ ಸಾಕು, ಅದೂ ಬಿಸಿಯೂಟಕ್ಕೆ ಮುಂಚೆ, ಯಾಕಂದ್ರೆ ಒಗ್ಗರಣೆ ವಾಸನೆ ಬಂದ ಮೇಲೆ ನನ್ನ ಕಡೆ ಯಾರೂ ನೋಡುವುದಿಲ್ಲ! ಎಲ್ಲಕ್ಕಿಂತ ಜಾಸ್ತಿ ಮುಖ್ಯ, ಬರುವವರ ಪುಸ್ತಕ ಮಕ್ಕಳಿಗೆ ಮೊದಲೇ ಓದಿಸಿರಿ. ಓದಿದ ಮಕ್ಕಳು "ಈ ಎಮ್ಮೆ ಕೊಂಬು ಯಾಕೆ ಹೀಗಿದೆ" ಅಂತ ಜಗಳಕ್ಕೇ ಬರುತ್ತಾರೆ. ಓದದವರು ಸುಮ್ನೆ ಕೂರುತ್ತಾರೆ.

ಇಂಡಿ ಅಕ್ಕೋರು:
14 ಬಿಟ್ಟೆವು. ಎಮ್ಮೆ ಜಗಳ ನಮ್ಮಲ್ಲಿ ಗ್ಯಾರಂಟಿ, ಅರ್ಧ ಮಕ್ಕಳ ಮನೆಯಲ್ಲಿ ಎಮ್ಮೆ ಇದೆ. ಡ್ರಾಯಿಂಗ್ ಹಾಳೆ ನಾವೇ ತರಬೇಕಲ್ವಾ?

ಬೆಳಗಾವಿ ಕುಂಚ:
ಹೌದು. ಒಂದು ದೊಡ್ಡ ಕರಿಹಲಗೆಯೂ ಇರಲಿ.