ಸೋಯಾ ಕ್ಯಾಪ್ಸೂಲ್ ಇದ್ದರೆ ಮೂಳೆಯ ಮಾತ್ರೆ ಬೇಡವೇ?

ಪ್ರಶ್ನೆ:
ನಮಸ್ಕಾರ ಡಾಕ್ಟರೇ. ನಮ್ಮ ಅತ್ತೆಯವರಿಗೆ 63 ವರ್ಷ, ಮುಟ್ಟು ನಿಂತು ಹನ್ನೆರಡು ವರ್ಷವಾಗಿದೆ. ಕಳೆದ ವರ್ಷ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.7 ಬಂದಿತ್ತು. ಮೂಳೆ ಸವೆಯದಂತೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕು ತಿಂಗಳು ತೆಗೆದುಕೊಂಡು, ಎದೆಯುರಿ ತಡೆಯಲಾರೆ ಎಂದು ನಿಲ್ಲಿಸಿಬಿಟ್ಟರು. ಈಗ ಸೋಯಾ ಐಸೊಫ್ಲೇವೊನ್ ಕ್ಯಾಪ್ಸೂಲ್ ತರಿಸಿಕೊಂಡು, "ಇದು ಗಿಡದ ಈಸ್ಟ್ರೊಜೆನ್, ಮೂಳೆಗೆ ಇದೇ ಸಾಕು" ಎನ್ನುತ್ತಿದ್ದಾರೆ. ನಿಜವಾಗಿಯೂ ಸಾಕೇ?

ಡಾಕ್ಟರ್ ಉತ್ತರ:
ಸಾಲದಮ್ಮ. ಟಿ-ಸ್ಕೋರ್ ಎಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ. ಅದು ಮೈನಸ್ 2.5ಕ್ಕೆ ಇಳಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವಷ್ಟು ದುರ್ಬಲವಾದ ಸ್ಥಿತಿ. ಅತ್ತೆಯವರು ಆ ಗೆರೆಯನ್ನೂ ದಾಟಿದ್ದಾರೆ. ಇಂಥ ಹೊತ್ತಿನಲ್ಲಿ ಮಾತ್ರೆ ಬಿಟ್ಟು ಕ್ಯಾಪ್ಸೂಲ್ ನೆಚ್ಚಿಕೊಂಡಿದ್ದಾರೆ ಎಂದು ಓದಿ ನನಗೆ ನಿಜಕ್ಕೂ ಆತಂಕವಾಯಿತು.

ಹಾಗೆಂದು ಅವರ ನಂಬಿಕೆ ಬುಡವಿಲ್ಲದ್ದೇನಲ್ಲ. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಬದುಕಿನುದ್ದಕ್ಕೂ ಕೆಲಸ ಮಾಡುತ್ತಿರುತ್ತವೆ. ಕರಗಿಸುವ ಕೋಶಗಳಿಗೆ ಲಗಾಮು ಹಾಕುವುದು ಈಸ್ಟ್ರೊಜೆನ್ ಎಂಬ ಹಾರ್ಮೋನು. ಮುಟ್ಟು ನಿಂತ ಮೇಲೆ ಆ ಲಗಾಮು ಸಡಿಲವಾಗುತ್ತದೆ. ಮೊದಲ ಐದರಿಂದ ಏಳು ವರ್ಷಗಳಲ್ಲಿ ಕೆಲವರು ಮೂಳೆಯ ಸಾಂದ್ರತೆಯನ್ನು ಶೇಕಡಾ 20ರವರೆಗೂ ಕಳೆದುಕೊಳ್ಳುತ್ತಾರೆ. ಸೋಯಾದಲ್ಲಿರುವ ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೊಫ್ಲೇವೊನ್‌ಗಳ ರಚನೆ ಈಸ್ಟ್ರೊಜೆನ್‌ನ ರಚನೆಯನ್ನು ಹೋಲುವುದರಿಂದ, ಜೀವಕೋಶಗಳಲ್ಲಿ ಈಸ್ಟ್ರೊಜೆನ್ ಅಂಟುವ ಜಾಗಗಳಿಗೆ, ಅಂದರೆ ಗ್ರಾಹಕಗಳಿಗೆ, ಅವೂ ಅಂಟಿಕೊಳ್ಳಬಲ್ಲವು. ಆದರೆ ಹಿಡಿತ ಬಹಳ ದುರ್ಬಲ. ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿವೆ. ಐಸೊಫ್ಲೇವೊನ್‌ಗಳಿಗೆ ಒಲವು ಹೆಚ್ಚಾಗಿ ಬೀಟಾದ ಕಡೆಗೆ.

ಗಿಡದ ಈ ವಸ್ತುಗಳಿಗೆ ಶಕ್ತಿಯೇ ಇಲ್ಲ ಎನ್ನಲಾಗದು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದು ಜಾತಿಯ ಕ್ಲೋವರ್ ಮೇವನ್ನೇ ಮೇದ ಕುರಿಗಳು ಗಬ್ಬವಾಗದೆ ಉಳಿದವು. ಆ ಮೇವಿನಲ್ಲಿದ್ದದ್ದೂ ಐಸೊಫ್ಲೇವೊನ್‌ಗಳೇ. ಆದರೆ ಕುರಿಗಳು ದಿನವಿಡೀ ತಿಂದದ್ದು ಅದನ್ನೇ, ಅವುಗಳ ಹೊಟ್ಟೆಯ ರೀತಿಯೂ ಬೇರೆ. ಮನುಷ್ಯರಲ್ಲಂತೂ ಒಬ್ಬರಂತೆ ಇನ್ನೊಬ್ಬರಿಲ್ಲ. ಡೈಡ್ಜೀನನ್ನು ಈಕ್ವಾಲ್ ಎಂಬ ಹೆಚ್ಚು ಚುರುಕಾದ ವಸ್ತುವಾಗಿ ಬದಲಿಸುವುದು ಕರುಳಿನ ಬ್ಯಾಕ್ಟೀರಿಯಾ, ಆ ಬ್ಯಾಕ್ಟೀರಿಯಾ ಎಲ್ಲರಲ್ಲೂ ಇರುವುದಿಲ್ಲ.

ಇನ್ನು ಪ್ರಯೋಗಗಳ ಮಾತು. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ದಿನಕ್ಕೆ 54 ಮಿಲಿಗ್ರಾಂ ಜೆನಿಸ್ಟೀನ್ ಪಡೆದ ಮಹಿಳೆಯರ ಮೂಳೆಯ ಸಾಂದ್ರತೆ ಎರಡು ವರ್ಷಗಳಲ್ಲಿ ಹೆಚ್ಚಿತು. ಅವರಿಗೆ ಜೊತೆಯಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೂಡ ಕೊಡಲಾಗಿತ್ತು. 2011ರ ಅಮೆರಿಕದ ಅಧ್ಯಯನದಲ್ಲಿ ದಿನಕ್ಕೆ 200 ಮಿಲಿಗ್ರಾಂ ಸೋಯಾ ಐಸೊಫ್ಲೇವೊನ್ ಎರಡು ವರ್ಷ ಕೊಟ್ಟರೂ ಬೆನ್ನುಮೂಳೆಗಾಗಲಿ ಸೊಂಟಕ್ಕಾಗಲಿ ಪ್ರಯೋಜನ ಕಾಣಲಿಲ್ಲ. ನಾನು ಮುಖ್ಯವಾಗಿ ನೋಡುವುದು, ಮೂಳೆ ಮುರಿಯುವುದು ತಪ್ಪಿತೇ ಎಂಬುದನ್ನು. ಈ ಕ್ಯಾಪ್ಸೂಲ್‌ಗಳ ಪಾಲಿಗೆ ಅಂಥ ಪುರಾವೆ ಇಲ್ಲ. ಅಲೆಂಡ್ರೊನೇಟ್‌ಗೆ ಇದೆ: ಆಗಲೇ ಬೆನ್ನುಮೂಳೆ ಕುಸಿದಿದ್ದ ಮಹಿಳೆಯರಲ್ಲಿ ಸೊಂಟದ ಮುರಿತವನ್ನು ಅದು ಸುಮಾರು ಅರ್ಧಕ್ಕೆ ಇಳಿಸಿದೆ.

ಒಂದು ವಿಷಯ ತಿಳಿಸಿ. ಅತ್ತೆಯವರು ಮಾತ್ರೆಯನ್ನು ಯಾವ ಹೊತ್ತಿನಲ್ಲಿ, ಹೇಗೆ ನುಂಗುತ್ತಿದ್ದರು?

ಪ್ರಶ್ನೆ ಕೇಳಿದವರು:
ರಾತ್ರಿ ಊಟವಾದ ಮೇಲೆ ಎರಡು ಗುಟುಕು ನೀರಿನಲ್ಲಿ ನುಂಗಿ ಮಲಗುತ್ತಿದ್ದರು ಡಾಕ್ಟರೇ. ಮರೆಯಬಾರದೆಂದು ಮಾತ್ರೆಯನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು.

ಡಾಕ್ಟರ್ ಉತ್ತರ:
ಎದೆಯುರಿಗೆ ಕಾರಣ ಬಹುಮಟ್ಟಿಗೆ ಅದೇ ಇರಬೇಕು. ಮಲಗಿದಾಗ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಅದರ ಒಳಪದರವನ್ನು ಸುಡುತ್ತದೆ. ಊಟದ ಜೊತೆ ಸೇರಿದರೆ ಔಷಧ ರಕ್ತಕ್ಕೆ ಸೇರುವುದೇ ಇಲ್ಲವೆಂಬಷ್ಟು ಕಡಿಮೆ. ಅಂದರೆ ಅವರು ಉರಿಯನ್ನೂ ಅನುಭವಿಸಿದರು, ಫಲವನ್ನೂ ಪಡೆಯಲಿಲ್ಲ, ಪಾಪ. ಇದನ್ನು ಮೊದಲ ದಿನವೇ ಯಾರಾದರೂ ಅವರ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಬೇಕಿತ್ತು.

ಈ ಮಾತ್ರೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರಿಯ ನೀರಿನೊಂದಿಗೆ ನುಂಗಬೇಕು. ಮುಂದಿನ ಅರ್ಧ ಗಂಟೆ ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಬೇಡ, ಮಲಗಲೂಬಾರದು. ಆದರೆ ತಾವಾಗಿಯೇ ಮತ್ತೆ ಆರಂಭಿಸುವುದು ಬೇಡ. ನುಂಗುವಾಗ ಈಗಲೂ ನೋವಾಗುತ್ತದೆಯೇ, ಆಹಾರ ಸಿಕ್ಕಿಕೊಂಡಂತಾಗುತ್ತದೆಯೇ ಎಂಬುದನ್ನು ಮೊದಲು ವೈದ್ಯರು ನೋಡಬೇಕು. ಮಾತ್ರೆ ಒಗ್ಗದಿದ್ದರೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲವಿದೆ. ಅದಕ್ಕೂ ಮೊದಲು ಮೂತ್ರಪಿಂಡದ ಪರೀಕ್ಷೆ ಮತ್ತು ವಿಟಮಿನ್ ಡಿ ಮಟ್ಟ ನೋಡಿಸಿ.

ಗುಂಪಿನ ಇನ್ನೊಬ್ಬ ಸದಸ್ಯೆ:
ಮೇಡಂ, ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಈಸ್ಟ್ರೊಜೆನ್ ತಡೆಯುವ ಟಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಸೋಯಾ ಮುಟ್ಟಲೇಬಾರದೇ? ಅಗಸೆ ಬೀಜ ಪರವಾಗಿಲ್ಲವೇ? ನನಗೆ ಥೈರಾಯ್ಡ್ ಮಾತ್ರೆ ಇದೆ, ಸೋಯಾ ಹಾಲು ಕುಡಿಯುತ್ತೇನೆ.

ಡಾಕ್ಟರ್ ಉತ್ತರ:
ಅಕ್ಕ ಆಹಾರವಾಗಿ ಮಿತವಾಗಿ ಸೋಯಾ ತಿಂದರೆ ಹೆದರಬೇಕಾಗಿಲ್ಲ. ಕ್ಯಾಪ್ಸೂಲ್ ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳದೆ ಬೇಡವೇ ಬೇಡ, ಅದರಲ್ಲಿ ಐಸೊಫ್ಲೇವೊನ್ ಸಾಂದ್ರವಾಗಿರುತ್ತದೆ.

ಅಗಸೆಯಲ್ಲಿರುವುದು ಲಿಗ್ನಾನ್ ಎಂಬ, ಗಿಡದ ಈಸ್ಟ್ರೊಜೆನ್‌ನ ಇನ್ನೊಂದು ಬಗೆ. ದಿನಕ್ಕೆ 40 ಗ್ರಾಂನಂತೆ ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗದಲ್ಲಿ ಮೂಳೆಯ ಸಾಂದ್ರತೆ ಬದಲಾಗಲಿಲ್ಲ. ನಾರಿಗಾಗಿ ತಿನ್ನುವುದಾದರೆ ಪುಡಿ ಮಾಡಿ ತಿನ್ನಿ, ಇಡೀ ಬೀಜ ಹಾಗೆಯೇ ಹೊರಗೆ ಹೋಗಿಬಿಡುತ್ತದೆ.

ಥೈರಾಯ್ಡ್ ಮಾತ್ರೆ ಹೀರಿಕೆಯಾಗುವುದನ್ನು ಸೋಯಾ ತಡೆಯಬಲ್ಲದು. ಎರಡರ ನಡುವೆ ನಾಲ್ಕು ಗಂಟೆ ಅಂತರವಿರಲಿ. ಹಾಲು ಇತ್ತೀಚೆಗೆ ಶುರು ಮಾಡಿದ್ದರೆ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತಪರೀಕ್ಷೆ ಮತ್ತೊಮ್ಮೆ ಮಾಡಿಸಿ.

ಪ್ರಶ್ನೆ ಕೇಳಿದವರು:
ಅತ್ತೆಗೆ ನಿಮ್ಮ ಉತ್ತರ ಓದಿ ಹೇಳಿದೆ ಡಾಕ್ಟರೇ. ನುಂಗುವಾಗ ಈಗ ನೋವಿಲ್ಲವಂತೆ. ಸೋಮವಾರ ವೈದ್ಯರ ಬಳಿ ಹೋಗುತ್ತೇವೆ. ಕ್ಯಾಪ್ಸೂಲ್ ಬಿಸಾಡಬೇಕೇ ಎಂದು ಕೇಳುತ್ತಿದ್ದಾರೆ.

ಡಾಕ್ಟರ್ ಉತ್ತರ:
ಬಿಸಾಡುವುದು ಬೇಡ, ಡಬ್ಬಿಯನ್ನೂ ಹಳೆಯ ಸ್ಕ್ಯಾನ್ ವರದಿಯನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿ ಎಷ್ಟು ಮಿಲಿಗ್ರಾಂ ಏನಿದೆ ಎಂಬುದನ್ನು ಅವರು ಓದಿ ನೋಡಲಿ.